ಮೂವರು ಹಾರಿದರು, ಒಬ್ಬರು ಬಂದರು

2016ರ ನವೆಂಬರ್ 7, ಸೋಮವಾರದ ಮಧ್ಯಾಹ್ನ. ತಿಪ್ಪಗೊಂಡನಹಳ್ಳಿ ಜಲಾಶಯದ ನೀರಿನ ಮೇಲೆ ಹೆಲಿಕಾಪ್ಟರ್ ಒಂದು ಬಂದು ನಿಂತಿತು. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್. ನಾಯಕ ದುನಿಯಾ ವಿಜಯ್, ಖಳರ ಪಾತ್ರ ಮಾಡುತ್ತಿದ್ದ ಅನಿಲ್ ಮತ್ತು ಉದಯ್, ಮೂವರೂ ಅದರಿಂದ ನೀರಿಗೆ ಹಾರಿದರು. ವಿಜಯ್ ಬದುಕಿ ದಡ ಸೇರಿದರು. ಅನಿಲ್, ಉದಯ್ ಬರಲಿಲ್ಲ. ಅವರ ದೇಹಗಳನ್ನು ಹುಡುಕಿ ತೆಗೆಯಲು ದಿನಗಳೇ ಹಿಡಿದವು.

ಆ ಸಂಜೆ ಕರ್ನಾಟಕ ಎರಡು ದೃಶ್ಯಗಳನ್ನು ಒಂದರ ಬೆನ್ನಿಗೆ ಒಂದರಂತೆ ನೋಡಿತು. ಒಂದು, ಮೂವರು ಹಾರುವ ದೃಶ್ಯ. ಇನ್ನೊಂದು, ಹಾರುವುದಕ್ಕೆ ಮುಂಚೆ ಟೀವಿಯವರ ಮೈಕಿಗೆ ಅನಿಲ್ ಮತ್ತು ಉದಯ್ ಆಡಿದ ಮಾತು. ತಮಗೆ ಈಜು ಅಷ್ಟಾಗಿ ಬರುವುದಿಲ್ಲ, ಭಯವೂ ಇದೆ ಎಂಬುದನ್ನು ಅವರು ಮುಚ್ಚಿಟ್ಟಿರಲಿಲ್ಲ. ಆ ಮಾತು ಕೇಳಿದ ಮೇಲೆ ಹಾರುವ ದೃಶ್ಯವನ್ನು ನೋಡಲಾಗುತ್ತಿರಲಿಲ್ಲ. ಆದರೂ ನೋಡಿದೆವು. ಟೀವಿಯಲ್ಲಿ ಮತ್ತೆ ಮತ್ತೆ ಬಂತು, ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಇಬ್ಬರು ಗಟ್ಟಿಮುಟ್ಟಾದ ಯುವಕರು ನೀರಿನಲ್ಲಿ ಕೈ ಬಡಿಯುತ್ತಿರುವುದನ್ನು ನಮ್ಮ ಮಕ್ಕಳೂ ನೋಡಿದರು.

ಆ ದೃಶ್ಯದ ಒಳಗೇ ಒಂದಿಷ್ಟು ಹೊತ್ತು ನಿಲ್ಲಬೇಕು. ಹೆಲಿಕಾಪ್ಟರ್ ಎಷ್ಟು ಎತ್ತರದಲ್ಲಿತ್ತು ಎಂಬ ಬಗ್ಗೆ ವರದಿಗಳಲ್ಲಿ ಒಮ್ಮತವಿಲ್ಲ. ಕೆಲವು 60 ಅಡಿ ಎಂದವು, ಕೆಲವು 100 ಅಡಿ. 60 ಅಡಿ ಎಂದೇ ಇಟ್ಟುಕೊಳ್ಳೋಣ. ಅಷ್ಟು ಎತ್ತರದಿಂದ ಬಿದ್ದ ದೇಹ ನೀರಿಗೆ ತಾಗುವಾಗ ಅದರ ವೇಗ ಗಂಟೆಗೆ 65 ಕಿಲೋಮೀಟರ್ ದಾಟಿರುತ್ತದೆ. ಎದೆಯೋ ಹೊಟ್ಟೆಯೋ ಮೊದಲು ಅಪ್ಪಳಿಸಿದರೆ ಉಸಿರು ಕಟ್ಟುತ್ತದೆ, ಒಳಗಿದ್ದ ಗಾಳಿ ಹೊರಗೆ ಹೋಗುತ್ತದೆ, ಬಾಯಿ ತೆರೆದರೆ ನೀರು. ಚೆನ್ನಾಗಿ ಈಜುವವನೂ ಆ ಕ್ಷಣದಲ್ಲಿ ದಿಕ್ಕುಗೆಡುತ್ತಾನೆ. ಅನಿಲ್, ಉದಯ್ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ದೃಶ್ಯಕ್ಕೆ ಬರಿಮೈ ಬೇಕಿತ್ತು. ಅವರ ಹತ್ತಿರಕ್ಕೆ ಒಂದೆರಡು ನಿಮಿಷದೊಳಗೆ ಹೋಗಬೇಕಿದ್ದ ದೋಣಿ ಹೋಗಲಿಲ್ಲ.

ಇಂಥ ದೃಶ್ಯವನ್ನು ಸುರಕ್ಷಿತವಾಗಿ ತೆಗೆಯುವ ವಿಧಾನ ಸಿನಿಮಾದವರಿಗೆ ಹೊಸದಲ್ಲ. ದೂರದ ಶಾಟ್‌ಗೆ ನೀರಿನಲ್ಲಿ ಪಳಗಿದ ಫೈಟರ್‌ಗಳು, ಹತ್ತಿರದ ಶಾಟ್‌ಗೆ ಸೊಂಟದ ಮಟ್ಟದ ನೀರಿನಲ್ಲಿ ನಟರು. ಬೀಳುವ ಜಾಗದ ಸುತ್ತ ಮುಳುಗುಗಾರರು ನೀರಿಗಿಳಿದು ಕಾದಿರಬೇಕು. ದೋಣಿಯ ಎಂಜಿನ್ ಆನ್ ಆಗಿಯೇ ಇರಬೇಕು. ದಡದಲ್ಲಿ ಆಂಬ್ಯುಲೆನ್ಸ್. ಇದೆಲ್ಲ ಸೇರಿದರೂ ಹೆಲಿಕಾಪ್ಟರಿನ ಒಂದು ದಿನದ ಬಾಡಿಗೆಯ ಮುಂದೆ ದೊಡ್ಡ ಖರ್ಚೇನಲ್ಲ.

ನಿರ್ಮಾಪಕ, ನಿರ್ದೇಶಕ, ಸಾಹಸ ನಿರ್ದೇಶಕರ ಮೇಲೆ ಪ್ರಕರಣ ದಾಖಲಾಯಿತು, ಬಂಧನವೂ ಆಯಿತು. ಮರುವರ್ಷ ಮೇ ತಿಂಗಳಲ್ಲಿ ಚಿತ್ರ ತೆರೆಗೆ ಬಂತು. ಜನ ನೋಡಿದರು. ನೋಡಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಅನಿಲ್, ಉದಯ್ ದುಡಿದ ಕೊನೆಯ ಚಿತ್ರವೆಂದು ಗೌರವದಿಂದ ಹೋದವರೂ ಇದ್ದರು. ನನ್ನನ್ನು ಕಾಡುವುದು ಆ ಸಾವಿಗೆ ಮುಂಚಿನ ನಮ್ಮ ಸಂಭ್ರಮ. ಅಂದು ಜಲಾಶಯದ ದಡಕ್ಕೆ ಕ್ಯಾಮೆರಾಗಳು ಬಂದಿದ್ದು ಯಾಕೆ? ನಟರೇ ಹೆಲಿಕಾಪ್ಟರಿನಿಂದ ಹಾರುತ್ತಾರೆ, ಡ್ಯೂಪ್ ಇಲ್ಲ ಎನ್ನುವುದು ಸುದ್ದಿಯಾಗಿತ್ತು. ಅದು ಸುದ್ದಿಯಾಗುವುದು ನಾವು ಅದಕ್ಕೆ ಬೆಲೆ ಕೊಡುವುದರಿಂದ. ‘ಡ್ಯೂಪ್ ಹಾಕದೆ ಮಾಡಿದ್ದಾರೆ’ ಎಂಬ ಒಂದು ಮಾತಿಗೆ ನಮ್ಮಲ್ಲಿ ಎಷ್ಟು ಶಿಳ್ಳೆ ಬೀಳುತ್ತದೆ ಎನ್ನುವುದು ಪ್ರತಿಯೊಬ್ಬ ನಿರ್ಮಾಪಕನಿಗೂ ಗೊತ್ತು. ಹೊಸದಾಗಿ ಹೆಸರು ಮಾಡುತ್ತಿರುವ ನಟನಿಗೆ ಇನ್ನೂ ಚೆನ್ನಾಗಿ ಗೊತ್ತು. ಒಲ್ಲೆ ಎಂದರೆ ಅಂಜುಬುರುಕ ಎನಿಸಿಕೊಳ್ಳಬೇಕು, ಮುಂದಿನ ಅವಕಾಶ ತಪ್ಪಬಹುದು. ಭಯವಿದೆ ಎಂದು ಮೈಕಿನ ಮುಂದೆ ಹೇಳಿದ ಇಬ್ಬರೂ ಹಾರಿಯೇ ಹಾರಿದ್ದು ಈ ಒತ್ತಡದಲ್ಲಿಯೇ ಎಂದು ನನಗೆ ಅನಿಸುತ್ತದೆ.

ಈ ಹುಚ್ಚು ನಮ್ಮೊಬ್ಬರದಲ್ಲ. ಮಲಯಾಳಂನ ಜಯನ್ 1980ರ ನವೆಂಬರ್ 16ರಂದು ಚೆನ್ನೈ ಹೊರವಲಯದ ಶೋಳಾವರಂನಲ್ಲಿ ‘ಕೋಳಿಳಕ್ಕಂ’ ಚಿತ್ರಕ್ಕಾಗಿ ಹೆಲಿಕಾಪ್ಟರಿನ ಕಾಲಿಗೆ ಜೋತುಬಿದ್ದು ಸತ್ತರು. ಡ್ಯೂಪ್ ಬೇಡವೆನ್ನುವ ನಟ ಎಂದೇ ಅವರು ಹೆಸರಾಗಿದ್ದರು. ಆ ಹೆಸರನ್ನು ಕೊಟ್ಟಿದ್ದು ಪ್ರೇಕ್ಷಕರು.

ಬೆಂಗಳೂರಿನಲ್ಲೇ ನಡೆದ ಇನ್ನೊಂದು ಅವಘಡವಿದೆ. ಅದರಲ್ಲಿ ಜೀವ ಉಳಿಯಿತು. 1982ರ ಜುಲೈ 26, ಬೆಂಗಳೂರು ವಿಶ್ವವಿದ್ಯಾಲಯದ ಆವರಣ, ‘ಕೂಲಿ’ ಚಿತ್ರದ ಹೊಡೆದಾಟ. ಪುನೀತ್ ಇಸ್ಸಾರ್ ಜೊತೆಗಿನ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಮೇಜಿನ ಮೇಲೆ ಬೀಳುವಾಗ ಲೆಕ್ಕ ತಪ್ಪಿ ಹೊಟ್ಟೆಗೆ ಬಲವಾದ ಪೆಟ್ಟಾಯಿತು. ಸೇಂಟ್ ಫಿಲೋಮಿನಾ ಆಸ್ಪತ್ರೆಯಿಂದ ಮುಂಬೈಗೆ ಒಯ್ದರು. ದೇಶಕ್ಕೆ ದೇಶವೇ ಹರಕೆ ಹೊತ್ತು ಕೂತಿತು. ಪ್ರಧಾನಿ ಇಂದಿರಾ ಗಾಂಧಿ ಆಸ್ಪತ್ರೆಗೆ ಹೋಗಿ ನೋಡಿದರು. ಚಿತ್ರ ತೆರೆಗೆ ಬಂದಾಗ ನಿರ್ದೇಶಕ ಮನಮೋಹನ್ ದೇಸಾಯಿ ಪೆಟ್ಟು ಬಿದ್ದ ಆ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಅಮಿತಾಭ್ ಗಾಯಗೊಂಡ ಶಾಟ್ ಇದೇ ಎಂದು ತೆರೆಯ ಮೇಲೆ ಅಕ್ಷರದಲ್ಲಿ ತೋರಿಸಿದರು. ಕತೆಯ ಕೊನೆಯಲ್ಲಿ ಸಾಯಬೇಕಿದ್ದ ನಾಯಕನನ್ನೂ ಬದುಕಿಸಿದರು.

ಆ ನಿಂತ ಚಿತ್ರವನ್ನು ನೋಡಲೆಂದೇ ಜನ ಮುಗಿಬಿದ್ದರು. ಬದುಕಿ ಬಂದ ನಾಯಕನ ಮೇಲಿನ ಪ್ರೀತಿ ಅದು ಎಂಬುದನ್ನು ಒಪ್ಪುತ್ತೇನೆ. ಆದರೆ ನಿಜವಾದ ನೋವಿಗೂ ಮಾರುಕಟ್ಟೆಯಿದೆ ಎನ್ನುವ ಪಾಠವನ್ನು ಆ ನಿಂತ ಚಿತ್ರ ಎಲ್ಲರಿಗೂ ಕಲಿಸಿತು. ‘ಕೂಲಿ’ಯ ಅವಘಡಕ್ಕೆ ಮೂರೇ ದಿನ ಮೊದಲು, 1982ರ ಜುಲೈ 23ರಂದು, ಕ್ಯಾಲಿಫೋರ್ನಿಯಾದಲ್ಲಿ ‘ಟ್ವಿಲೈಟ್ ಝೋನ್’ ಚಿತ್ರೀಕರಣದಲ್ಲಿ ಹೆಲಿಕಾಪ್ಟರ್ ಉರುಳಿ ನಟ ವಿಕ್ ಮೊರೋ ಮತ್ತು ಇಬ್ಬರು ಪುಟ್ಟ ಮಕ್ಕಳು ಸತ್ತಿದ್ದರು. ಮಕ್ಕಳನ್ನು ಕಾನೂನು ತಪ್ಪಿಸಿ ರಾತ್ರಿ ಕೆಲಸಕ್ಕೆ ಕರೆತರಲಾಗಿತ್ತು. ನಿರ್ದೇಶಕ ಜಾನ್ ಲ್ಯಾಂಡಿಸ್ 1987ರಲ್ಲಿ ಖುಲಾಸೆಯಾದರು. ಚಿತ್ರ ಅದಕ್ಕೂ ಬಹಳ ಮೊದಲೇ, 1983ರಲ್ಲಿ, ಬಿಡುಗಡೆಯಾಗಿತ್ತು.

ಮುಖ ಗೊತ್ತಿದ್ದವರು ಸತ್ತಾಗ ಅಳುತ್ತೇವೆ. ಮುಖ ಗೊತ್ತಿಲ್ಲದವರು ಸತ್ತರೆ?

2021ರ ಆಗಸ್ಟ್ 9ರಂದು ಬಿಡದಿ ಬಳಿ ‘ಲವ್ ಯು ರಚ್ಚು’ ಚಿತ್ರದ ಫೈಟ್ ತೆಗೆಯುವಾಗ ಮೇಲೆ ಹಾದುಹೋಗಿದ್ದ ಹೈಟೆನ್ಷನ್ ತಂತಿಯ ಕರೆಂಟ್ ತಗುಲಿ ಫೈಟರ್ ಒಬ್ಬರು ಸತ್ತರು. ಚಿತ್ರ ಆ ವರ್ಷದ ಕೊನೆಯ ದಿನ ತೆರೆಕಂಡಿತು. 2024ರ ಸೆಪ್ಟೆಂಬರಿನಲ್ಲಿ ‘ಮನದ ಕಡಲು’ ಚಿತ್ರದ ಸೆಟ್ಟಿನಲ್ಲಿ ಎತ್ತರದಿಂದ ಬಿದ್ದು ಲೈಟ್‌ಬಾಯ್ ಒಬ್ಬರು ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಚೆನ್ನೈ ಬಳಿ ‘ಇಂಡಿಯನ್ 2’ ಸೆಟ್ಟಿನ ಮೇಲೆ ಕ್ರೇನ್ ಕುಸಿದು ಮೂವರು ಹೋದರು. ಈ ಸುದ್ದಿಗಳ ಕೆಳಗೆ ಜನ ಏನು ಕೇಳಿದರು ಎನ್ನುವುದನ್ನು ನೆನಪಿಸಿಕೊಳ್ಳಿ: ಹೀರೊಗೆ ಏನೂ ಆಗಿಲ್ಲ ತಾನೆ? ಚಿತ್ರ ತಡವಾಗುತ್ತದಾ? ಸತ್ತವರು ಯಾವ ಊರಿನವರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದವರು ಕಡಿಮೆ. ಚಿತ್ರ ಮುಗಿದು ಅವರಂಥವರ ಹೆಸರುಗಳು ತೆರೆಯ ಮೇಲೆ ಏರುವ ಹೊತ್ತಿಗೆ ಥಿಯೇಟರಿನ ದೀಪ ಹತ್ತಿ, ಬಾಗಿಲು ತೆರೆದು, ನಾವು ಪಾರ್ಕಿಂಗ್ ಕಡೆ ನಡೆದಿರುತ್ತೇವೆ.

ಈ ಮೂರಕ್ಕೂ ಮುಂಚೆ ಚಿತ್ರೀಕರಣದ ವೇಳೆ ನಮ್ಮ ನೆಲದಲ್ಲೇ ನಡೆದ ಅತಿದೊಡ್ಡ ದುರಂತ ಮೈಸೂರಿನದು. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿತ್ತು. ಸತ್ತವರು 62 ಮಂದಿ. ದನಿ ಪ್ರತಿಧ್ವನಿಸದಿರಲಿ ಎಂದು ಗೋಡೆಗೆಲ್ಲ ಗೋಣಿಚೀಲ ಹೊದಿಸಿದ್ದರು. ವೈರಿಂಗ್ ಸಡಿಲವಾಗಿತ್ತು. ಗಾಳಿ ಆಡಲು ಕಿಂಡಿಗಳಿರಲಿಲ್ಲ. ದೊಡ್ಡ ದೊಡ್ಡ ಲೈಟುಗಳ ಕಾವು ಬೇರೆ. ಬೆಂಕಿ ಆರಿಸಲು ಸರಿಯಾದ ಸಲಕರಣೆಯೂ ಇರಲಿಲ್ಲ. ಗೋಣಿಚೀಲ ಹತ್ತಿಕೊಂಡರೆ ಹೇಗೆ ಉರಿಯುತ್ತದೆ ಎನ್ನುವುದು ಹಳ್ಳಿಯ ಮಕ್ಕಳಿಗೂ ಗೊತ್ತು. ಅದನ್ನೇ ನಾಲ್ಕು ಗೋಡೆಗೆ ಹೊದಿಸಿ, ನಡುವೆ ಜನರನ್ನು ತುಂಬಿ, ಲೈಟು ಹಚ್ಚಿದ್ದರು. ನಿರ್ದೇಶಕ, ನಾಯಕ ಸಂಜಯ್ ಖಾನ್ ಮೈಯೆಲ್ಲ ಸುಟ್ಟುಕೊಂಡು ಹತ್ತಾರು ಶಸ್ತ್ರಚಿಕಿತ್ಸೆಗಳ ನಂತರ ಎದ್ದು ಬಂದರು. ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಶುರುವಾಯಿತು.

ನಮ್ಮ ಜನ ಆ ಧಾರಾವಾಹಿಯ ಬಗ್ಗೆ ಜಗಳವಾಡಿದ್ದು ಟಿಪ್ಪುವಿನ ಚರಿತ್ರೆ ನಿಜವೋ ಕಟ್ಟುಕತೆಯೋ ಎಂದು. ಆ ವಿವಾದ ನ್ಯಾಯಾಲಯದವರೆಗೂ ಹೋಯಿತು. ಸುಲ್ತಾನನ ಪರ, ವಿರುದ್ಧ ಇಂದಿಗೂ ಮಾತು ನಿಂತಿಲ್ಲ. ಇನ್ನೂರು ವರ್ಷದ ಹಿಂದೆ ಸತ್ತವನ ಬಗ್ಗೆ ಇಷ್ಟು ಕಾವೇರಿದ ನಾವು, ಅವನ ಕತೆ ಹೇಳಲು ಹೋಗಿ ಸುಟ್ಟುಹೋದ 62 ಜನರ ಬಗ್ಗೆ ಅದರಲ್ಲಿ ಒಂದು ಪಾಲು ಸಿಟ್ಟನ್ನಾದರೂ ಇಟ್ಟುಕೊಂಡಿದ್ದರೆ, ಅಂದೇ ಸ್ಟುಡಿಯೊಗಳ ಸುರಕ್ಷತೆಯ ಪ್ರಶ್ನೆ ವಿಧಾನಸೌಧದಲ್ಲಿ ಗಟ್ಟಿಯಾಗಿ ಕೇಳಿಸುತ್ತಿತ್ತು.

ಸಿಟ್ಟು ಇಲ್ಲದ ಕಡೆ ಬರುವುದು ವಿಧಿಯ ಮಾತು. 2025ರಲ್ಲಿ ‘ಕಾಂತಾರ: ಚಾಪ್ಟರ್ 1’ ತಂಡದ ಕಿರಿಯ ಕಲಾವಿದರೊಬ್ಬರು ಕೊಲ್ಲೂರಿನ ಸೌಪರ್ಣಿಕಾ ನದಿಯಲ್ಲಿ ಮುಳುಗಿ ತೀರಿಕೊಂಡರು. ಅಂದು ಚಿತ್ರೀಕರಣ ಇರಲಿಲ್ಲ ಎಂದು ನಿರ್ಮಾಣ ಸಂಸ್ಥೆ ಹೇಳಿತು. ಅದೇ ಚಿತ್ರದ ಇಬ್ಬರು ಕಲಾವಿದರು ಬೇರೆ ಬೇರೆ ಕಡೆ ಹೃದಯಾಘಾತದಿಂದ ಹೋದರು. ಮಾಣಿ ಜಲಾಶಯದಲ್ಲಿ ದೋಣಿ ಮಗುಚಿತು, ಎಲ್ಲರೂ ಪಾರಾದರು. ನಾಲ್ಕು ಘಟನೆ, ಕಾರಣಗಳು ಬೇರೆ ಬೇರೆ. ಆದರೆ ನಾಡೆಲ್ಲ ಹಬ್ಬಿದ ಮಾತು ಒಂದೇ, ದೈವದ ಮುನಿಸು. ತುಳುನಾಡಿನ ದೈವಗಳನ್ನು ನಂಬುವವರ ಭಕ್ತಿ ದೊಡ್ಡದು, ಅದನ್ನು ನಾನು ಗೌರವಿಸುತ್ತೇನೆ. ದೈವವಾದರೋ ನ್ಯಾಯ ಕೇಳುವ ಶಕ್ತಿ, ತಪ್ಪು ಮಾಡಿದವರ ಹೆಸರು ಹಿಡಿದು ಕರೆಯುವ ಶಕ್ತಿ. ಅದರ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಮುನಿಸು ಎಂದುಬಿಟ್ಟರೆ, ಆ ದೋಣಿಯಲ್ಲಿ ಎಷ್ಟು ಜನರನ್ನು ಹತ್ತಿಸಿದ್ದರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಸಿಟ್ಟಿಗೆ ಬಲವಿಲ್ಲ ಎನ್ನುವವರಿಗೆ ಅಮೆರಿಕದ ಜಾರ್ಜಿಯಾದ ಒಂದು ಪ್ರಕರಣ ಹೇಳಬೇಕು. 2014ರ ಫೆಬ್ರವರಿ 20ರಂದು ‘ಮಿಡ್‌ನೈಟ್ ರೈಡರ್’ ಚಿತ್ರತಂಡ ಅನುಮತಿಯಿಲ್ಲದೆ ರೈಲು ಸೇತುವೆಯ ಮೇಲೆ ಶಾಟ್ ಇಟ್ಟಿತು. ಗೂಡ್ಸ್ ರೈಲು ಬಂತು. ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ಸತ್ತಳು, ವಯಸ್ಸು 27. ಅವಳ ಮುಖ ಯಾವ ಪೋಸ್ಟರಿನಲ್ಲೂ ಇರಲಿಲ್ಲ. ಆದರೂ ಅನೇಕ ಸೆಟ್ಟುಗಳಲ್ಲಿ ಕೆಲಸಗಾರರು ಕ್ಲಾಪ್ ಬೋರ್ಡಿನ ಮೇಲೆ ಅವಳ ಹೆಸರು ಬರೆದು ಶಾಟ್ ತೆಗೆದರು. ಚಿತ್ರವನ್ನು ಮುಂದುವರಿಸಬಾರದು ಎಂಬ ಕೂಗು ಎದ್ದಿತು. ಮುಖ್ಯ ನಟ ವಿಲಿಯಂ ಹರ್ಟ್ ಹಿಂದೆ ಸರಿದರು. ನಿರ್ದೇಶಕ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಆ ಚಿತ್ರ ಪೂರ್ತಿಯಾಗಲೇ ಇಲ್ಲ.

ನಮ್ಮಲ್ಲಿ ಏನು ಕೇಳಬಹುದು? ಉತ್ತರ ಪ್ರತಿ ಚಿತ್ರದ ಮೊದಲ ನಿಮಿಷದಲ್ಲೇ ಇದೆ. ಈ ಚಿತ್ರದಲ್ಲಿ ಯಾವುದೇ ಪ್ರಾಣಿಗೆ ಹಿಂಸೆ ಮಾಡಿಲ್ಲ ಎಂಬ ಸಾಲನ್ನು ನಾವೆಲ್ಲ ಓದಿದ್ದೇವೆ. ಅದು ಬರಿಯ ಸೌಜನ್ಯದ ಮಾತಲ್ಲ. ಕುದುರೆಯನ್ನೋ ಎತ್ತನ್ನೋ ತೋರಿಸಬೇಕಾದರೆ ಚಿತ್ರೀಕರಣಕ್ಕೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಮಂಡಳಿಯ ಪತ್ರವಿಲ್ಲದಿದ್ದರೆ ಸೆನ್ಸಾರ್ ಸರ್ಟಿಫಿಕೇಟ್ ಸಿಗುವುದಿಲ್ಲ. ಇದು ಒಳ್ಳೆಯ ಕಾನೂನು, ಇರಲೇಬೇಕು. ಅದೇ ಎತ್ತಿನ ಪಕ್ಕದಲ್ಲಿ ರೋಪಿಗೆ ತೂಗುಬಿದ್ದ ಮನುಷ್ಯನ ಬಗ್ಗೆ ಮಾತ್ರ ಸೆನ್ಸಾರ್ ಮಂಡಳಿ ಒಂದು ಕಾಗದವನ್ನೂ ಕೇಳುವುದಿಲ್ಲ. ಸಿನಿಮಾ ಕಾರ್ಮಿಕರ ಕಲ್ಯಾಣಕ್ಕೆಂದು ಟಿಕೆಟಿನ ಮೇಲೆ ಸೆಸ್ ಹಾಕುವ ವಿಧೇಯಕವನ್ನು ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿತು. ಸತ್ತ ಮೇಲೆ ಮನೆಯವರಿಗೆ ನೆರವಾಗುವ ಹಣ ಅಗತ್ಯವೇ. ಅದಕ್ಕಿಂತ ಮೊದಲು ಸಾಯದಂತೆ ನೋಡಿಕೊಳ್ಳುವ ಕಾಗದ ಬೇಕು.

ಕಾಗದದಲ್ಲಿ ಇರಬೇಕಾದ್ದು ಬಹಳವಿಲ್ಲ. ನೀರಿನ ದೃಶ್ಯವಾದರೆ ಮುಳುಗುಗಾರರು ಎಷ್ಟು ಜನ, ದೋಣಿ ಎಷ್ಟು ದೂರ, ಹಾರುವವರಿಗೆ ಈಜು ಬರುತ್ತದೆಯೇ. ಕ್ರೇನ್ ಇದ್ದರೆ ಮೇಲಿನ ತಂತಿಯ ಕರೆಂಟ್ ತೆಗೆಸಿದ್ದಕ್ಕೆ ವಿದ್ಯುತ್ ಕಂಪನಿಯ ಪತ್ರ. ಎತ್ತರ ಹತ್ತುವ ಲೈಟ್‌ಬಾಯ್‌ಗೆ ಬೆಲ್ಟು, ಹೆಲ್ಮೆಟ್. ಬೆಂಕಿಯ ಸೆಟ್ಟಾದರೆ ಅಗ್ನಿಶಾಮಕ ವಾಹನ. ಬೇಡ ಎಂದು ಹೇಳುವ ಅಧಿಕಾರವಿರುವ, ನಿರ್ಮಾಪಕನ ಕೈಕೆಳಗೆ ಇಲ್ಲದ ಒಬ್ಬ ಸುರಕ್ಷತಾ ಅಧಿಕಾರಿಯ ಸಹಿ. ಇದನ್ನು ಸರ್ಕಾರ ತಾನಾಗಿ ತರುವುದಿಲ್ಲ, ಚಲನಚಿತ್ರ ವಾಣಿಜ್ಯ ಮಂಡಳಿಯೂ ತರುವುದಿಲ್ಲ. ಟಿಕೆಟ್ ಕೊಳ್ಳುವವರು ಕೇಳಬೇಕು. ಟ್ರೇಲರ್ ಬಿಡುಗಡೆಯ ವೇದಿಕೆಯಲ್ಲಿ ನಾಯಕನಿಗೆ ‘ಡ್ಯೂಪ್ ಇಲ್ಲದೆ ಮಾಡಿದ್ರಾ ಸಾರ್?’ ಎಂದು ಕೇಳುವ ಪತ್ರಕರ್ತರು, ಕೇಳಿ ಕುಣಿಯುವ ಅಭಿಮಾನಿಗಳು, ಪಕ್ಕದಲ್ಲೇ ಕೂತಿರುವ ನಿರ್ಮಾಪಕರಿಗೂ ಒಂದು ಪ್ರಶ್ನೆ ಹಾಕಲಿ: ದೋಣಿ ಎಲ್ಲಿತ್ತು?