ಹಾಲು ಉಪ್ಪಾಗುವುದು ಯಾಕೆ?

ರೋಣ, ಗಜೇಂದ್ರಗಡ ಕಡೆಯ ಸಂಘಗಳಿಗೆ ಹೋದಾಗ ಅಕ್ಕಂದಿರು ಕೇಳುವ ಮಾತು: "ಡಾಕ್ಟ್ರ, ಆಕಳು ಚಲೋ ಮೇಯತೈತಿ, ಕೆಚ್ಚಲೂ ಬಾತಿಲ್ಲ. ಹಾಲು ಮಾತ್ರ ಉಪ್ಪುಪ್ಪು, ಎಸ್‌ಎನ್‌ಎಫ್ ಕಡಿಮೆ ಬರಾಕತ್ತೈತಿ. ಯಾಕ್ರೀ?"

ಹಾಲು ತಯಾರಾಗುವುದು ಕೆಚ್ಚಲೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ. ಚೀಲದ ಒಳಗೋಡೆ ಎಂದರೆ ಒಂದೇ ಸಾಲು ಜೀವಕೋಶಗಳು. ಆಚೆ ರಕ್ತ, ಈಚೆ ಹಾಲು. ಈ ಕೋಶಗಳನ್ನು ಒಂದಕ್ಕೊಂದು ಹೊಲಿದಂತೆ ಹಿಡಿದಿಡುವವು ಕ್ಲಾಡಿನ್, ಆಕ್ಲೂಡಿನ್, ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನುಗಳು.

ಇಷ್ಟು ಸಣ್ಣ ಹೊಲಿಗೆಯನ್ನು ನೋಡಿದ್ದು ಹೇಗೆ? ಸತ್ತ ದನದ ಕೆಚ್ಚಲಿನ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂಡಿಸಿ, ಯಂತ್ರದಿಂದ ತೆಳ್ಳಗೆ ಕೊಯ್ಯುತ್ತಾರೆ. ಒಂದೊಂದು ಪದರ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇರುವುದಿಲ್ಲ. ಮಾಮೂಲಿ ಬಣ್ಣ ಹಾಕಿದರೆ ಕೋಶ ಗುಲಾಬಿ, ಅದರ ಬೀಜ ನೀಲಿ ಕಾಣುತ್ತದೆ, ಹೊಲಿಗೆ ಕಾಣುವುದಿಲ್ಲ. ಅದಕ್ಕೆ ಆ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯ ಬೇಕು, ಅದರ ಬಾಲಕ್ಕೆ ಹೊಳೆಯುವ ಬಣ್ಣ ಕಟ್ಟಿರಬೇಕು. ವಿಶೇಷ ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಂತ ಕೆಚ್ಚಲು ಹಸಿರು ಬಲೆ ಹಾಸಿದ ಹಾಗೆ ಕಾಣುತ್ತದೆ. ಬಾವು ಬಂದ ಕೆಚ್ಚಲಿನಲ್ಲಿ ಅದೇ ಗೆರೆ ಮಸುಕಾಗಿ, ಅಲ್ಲಲ್ಲಿ ಹರಿದಿರುತ್ತದೆ.

ಮಣ್ಣಿನ ಮಾಳಿಗೆ ಒಂದು ಕಡೆ ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಿ ಸೋರಿಕೆ ಎರಡೂ ಕಡೆಗೆ: ರಕ್ತದ ಉಪ್ಪು ಹಾಲಿಗೆ ಬರುತ್ತದೆ, ಹಾಲಿನ ಸಕ್ಕರೆ ರಕ್ತಕ್ಕೆ ಹೋಗುತ್ತದೆ. ಸಕ್ಕರೆ ಹೋದರೆ ಎಸ್‌ಎನ್‌ಎಫ್ ಇಳಿಯುತ್ತದೆ, ದರವೂ ಇಳಿಯುತ್ತದೆ. ಗಡ್ಡೆ, ಕೀವು ಕಾಣುವ ಮೊದಲೇ ಇದು ಶುರುವಾಗಿರಬಹುದು.

ಹಾಗಂತ ಉಪ್ಪಾದ ಹಾಲೆಲ್ಲ ರೋಗದ್ದಲ್ಲ. ಬತ್ತಿಸುವ ದಿನ ಹತ್ತಿರವಾದಾಗ ಈ ಹೊಲಿಗೆ ತಾನಾಗಿ ಸಡಿಲಾಗುತ್ತದೆ, ಆಗ ನಾಲ್ಕೂ ಮೊಲೆಯ ಹಾಲು ಸ್ವಲ್ಪ ಉಪ್ಪಾಗುತ್ತದೆ. ಒಂದೇ ಮೊಲೆಯದು ಬೇರೆ ಇದ್ದರೆ ಬಾವಿನ ಅನುಮಾನ ಪಡಿ. ರುಚಿ ನೋಡುವುದಿದ್ದರೆ ಕಾಯಿಸಿಯೇ ನೋಡಿ. ಹಸಿ ಹಾಲಿನಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೂ ತಗಲುತ್ತದೆ. ಅದಕ್ಕಿಂತ ಸಿಎಂಟಿ ಪರೀಕ್ಷೆ ಮಾಡಿಸುವುದು ಒಳ್ಳೆಯದು: ಪ್ರತಿ ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಂಡಿ, ಅಷ್ಟೇ ದ್ರಾವಣ ಹಾಕಿ ಆಡಿಸಿದರೆ ಬಾವಿನ ಹಾಲು ಗಂಜಿಯಂತೆ ಗಟ್ಟಿಯಾಗುತ್ತದೆ.

ಹಾಲು ಕರೆದ ಕೂಡಲೇ ಮೇವು ಹಾಕಿ ಅರ್ಧ ತಾಸಾದರೂ ನಿಲ್ಲಿಸಿ, ಮೊಲೆಯ ಬಾಯಿ ಆಗಿನ್ನೂ ತೆರೆದಿರುತ್ತದೆ. ಚಿಕಿತ್ಸೆ ಶುರುವಾದರೆ, ಹಾಲು ತಿಳಿಯಾಯಿತೆಂದು ಎರಡನೇ ದಿನಕ್ಕೇ ಬಿಡಬೇಡಿ. ಔಷಧದ ಚೀಟಿಯಲ್ಲಿ ಬರೆದ ದಿನ ಮುಗಿಯುವವರೆಗೆ ಆ ಆಕಳ ಹಾಲನ್ನು ಸಂಘಕ್ಕೂ ತರಬೇಡಿ, ಮನೆಗೂ ಬಳಸಬೇಡಿ.