ಚಿತ್ರಕಥೆಯನ್ನು ವಿಮರ್ಶಿಸುವ ಬಗೆ

ಚಿತ್ರಕಥೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಬಾಲ್ಯ ನೆನಪಾಗುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ 'ಅಮರ ಚಿತ್ರಕಥೆ'ಯ ಪುಸ್ತಕಗಳನ್ನು ನೋಡದವರು ವಿರಳ. ಆದುದರಿಂದಲೇ ಚಿತ್ರಕಥೆಯು ಮಕ್ಕಳ ವಸ್ತು, ಮೀಸೆ ಬಂದ ಮೇಲೆ ಬಿಡತಕ್ಕದ್ದು ಎಂಬ ಭಾವನೆ ಬೆಳೆದಿದೆ. ಕಾವ್ಯ, ನಾಟಕ, ಕಾದಂಬರಿಗಳನ್ನು ವಿಮರ್ಶಿಸುವ ಕ್ರಮವನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ಆದರೆ ಚಿತ್ರಕಥೆಗೂ ಒಂದು ವಿಮರ್ಶೆ ಸಲ್ಲುತ್ತದೆಂದು ಯೋಚಿಸುವುದಿಲ್ಲ. ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ, ಸಣ್ಣ ಪ್ರಕಾಶಕರು ಕೆಲವೇ ಪ್ರತಿಗಳಲ್ಲಿ ಹೊರತರುವ ಚಿತ್ರಕಥೆಗಳ ಪಾಡನ್ನಂತೂ ಕೇಳುವುದೇ ಬೇಡ. ಅವುಗಳನ್ನು ಓದುವ ಬಗೆಯನ್ನು ಒಂದು ಉದಾಹರಣೆಯಿಂದ ವಿವರಿಸುವುದೇ ಈ ಲೇಖನದ ಉದ್ದೇಶ.

ಓರಿಜಿತ್ ಸೇನ್ ಎಂಬ ಕಲಾವಿದರು ಬರೆದು ಚಿತ್ರಿಸಿದ 'ರಿವರ್ ಆಫ್ ಸ್ಟೋರೀಸ್' ಎಂಬ ಇಂಗ್ಲಿಷ್ ಪುಸ್ತಕವು 1994ರಲ್ಲಿ ಪ್ರಕಟವಾಯಿತು. ಅದನ್ನು ಹೊರತಂದದ್ದು ಕಲ್ಪವೃಕ್ಷ ಎಂಬ ಪರಿಸರ ಸಂಘ. ಬಹುಕಾಲ ದೊರೆಯದೆ ಇದ್ದ ಈ ಪುಸ್ತಕವನ್ನು 2022ರಲ್ಲಿ ಚೆನ್ನೈಯ ಬ್ಲಾಫ್ಟ್ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಮರುಮುದ್ರಿಸಿತು. ನರ್ಮದಾ ಕಣಿವೆಯ ಅಣೆಕಟ್ಟಿನ ವಿರುದ್ಧ ನಡೆದ ಹೋರಾಟ ಇದರ ವಸ್ತು. ಪತ್ರಕರ್ತನಾದ ವಿಷ್ಣು, ಮನೆಗೆಲಸದ ರೇಲ್ಕು, ಸೃಷ್ಟಿಯ ಕಥೆಯನ್ನು ಹಾಡುವ ಮಲ್ಗು ಗಾಯನ್ ಇದರ ಮುಖ್ಯ ಪಾತ್ರಗಳು.

ಈ ಪುಸ್ತಕ ಮಿತ್ರನೊಬ್ಬನಿಂದ ನನ್ನ ಕೈಗೆ ಬಂದಾಗ ಅದನ್ನು ಮನೆಗೆ ಒಯ್ದೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಜ್ಜಿಗೆ ಅಕ್ಷರ ಬಾರದು. ಅವರು ಹುಟ್ಟಿದ ಊರು ಹೊಸನಗರ ತಾಲೂಕಿನಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಆ ಊರು ಮುಳುಗಿತು. ನಾನು ಪುಟ ಮಗುಚುತ್ತಾ ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅಜ್ಜಿ ಎರಡು ಚಿತ್ರಗಳ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟು, "ಮಗಾ, ಇಲ್ಲಿ ಏನಾಯ್ತು?" ಎಂದು ಕೇಳಿದರು.

ನನಗೆ ಉತ್ತರ ತೋಚಲಿಲ್ಲ. ಆದರೆ ಚಿತ್ರಕಥೆಯ ಮರ್ಮವೆಲ್ಲ ಆ ಪ್ರಶ್ನೆಯಲ್ಲಿಯೇ ಅಡಗಿದೆ ಎಂದು ಆಮೇಲೆ ಹೊಳೆಯಿತು. ಒಂದು ಚೌಕದಲ್ಲಿ ಮನುಷ್ಯ ಬಾಗಿಲ ಬಳಿ ನಿಂತಿರುತ್ತಾನೆ, ಮುಂದಿನ ಚೌಕದಲ್ಲಿ ರಸ್ತೆಯಲ್ಲಿರುತ್ತಾನೆ. ಅವನು ಹೊರಟದ್ದು ಎಲ್ಲಿಯೂ ಚಿತ್ರಿತವಾಗಿಲ್ಲ. ಅದನ್ನು ಓದುಗನೇ ತುಂಬಿಕೊಳ್ಳುತ್ತಾನೆ. ನಮ್ಮ ಕಡೆಯ ತಾಳಮದ್ದಳೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥಧಾರಿಯು ಅದನ್ನು ಬೆಳೆಸುತ್ತಾನೆ. ಚಿತ್ರಕಥೆಯಲ್ಲಿ ಚೌಕವೇ ಪದ್ಯ, ಓದುಗನೇ ಅರ್ಥಧಾರಿ. ಆದುದರಿಂದ ವಿಮರ್ಶಕನು ಕೇಳಬೇಕಾದ ಮೊದಲ ಪ್ರಶ್ನೆ: ಕಲಾವಿದನು ಯಾವುದನ್ನು ಚಿತ್ರಿಸಿದ್ದಾನೆ, ಯಾವುದನ್ನು ನಮಗೆ ಬಿಟ್ಟಿದ್ದಾನೆ?

ಎರಡನೆಯದು, ಚಿತ್ರಕ್ಕೂ ಮಾತಿಗೂ ಇರುವ ಸಂಬಂಧ. ಚಿತ್ರದಲ್ಲಿ ಕಾಣುವುದನ್ನೇ ಅಕ್ಷರವೂ ಹೇಳಿದರೆ ಎರಡರಲ್ಲಿ ಒಂದು ವ್ಯರ್ಥ. ಅಧಿಕಾರಿಯ ಬಾಯಲ್ಲಿ 'ಪ್ರಗತಿ' ಎಂಬ ಮಾತಿದ್ದು, ಚಿತ್ರದಲ್ಲಿ ಗಂಟುಮೂಟೆ ಹೊತ್ತವರಿದ್ದರೆ, ಎರಡೂ ಸೇರಿ ಮೂರನೆಯ ಅರ್ಥವೊಂದು ಹುಟ್ಟುತ್ತದೆ.

ಮೂರನೆಯದು, ರೇಖೆ. ಗೆರೆ ನುಣುಪಾಗಿರುವುದೇ ಗುಣವಲ್ಲ. ನಮ್ಮ ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅಲ್ಲಿ ಮದುವಣಿಗರು ಕೆಲವೇ ಸರಳ ಗೆರೆಗಳು. ಆದರೂ ನೋಡುವವರಿಗೆ ಅದು ಮದುವೆಯೆಂದು ತಿಳಿಯುತ್ತದೆ. ವಸ್ತುವಿಗೆ ರೇಖೆ ಒಪ್ಪಿದೆಯೇ ಎಂಬುದೇ ಮುಖ್ಯ.

ನಾಲ್ಕನೆಯದು, ಪುಸ್ತಕ ಹುಟ್ಟಿದ ಪರಿಸ್ಥಿತಿ. ಸಣ್ಣ ಪ್ರಕಾಶಕನ ಪುಸ್ತಕ ಕಪ್ಪುಬಿಳುಪಿನದಾಗಿದ್ದರೆ ಅದು ದೋಷವಲ್ಲ. 'ರಿವರ್ ಆಫ್ ಸ್ಟೋರೀಸ್' ಕೂಡ ಕಪ್ಪುಬಿಳುಪಿನದೇ. ಹಾಗೆಂದು 'ಪಾಪ, ಸಣ್ಣವರು' ಎಂದು ಬೆನ್ನು ತಟ್ಟುವುದೂ ಸರಿಯಲ್ಲ. ಕನಿಕರದ ಮೆಚ್ಚುಗೆಯಿಂದ ಯಾವ ಕಲಾವಿದನೂ ಬೆಳೆಯಲಾರ. ಸಣ್ಣದು ಎಂದರೆ ಅಲ್ಪವೆಂದು ತಿಳಿಯುವವರು ಹೆಗ್ಗೋಡಿನ ಕಡೆ ನೋಡಲಿ. ಕೆ. ವಿ. ಸುಬ್ಬಣ್ಣನವರು ಆ ಹಳ್ಳಿಯಲ್ಲಿ ಕುಳಿತೇ ಅಕ್ಷರ ಪ್ರಕಾಶನವನ್ನು ಕಟ್ಟಿದರು. ನೀನಾಸಂ ಮೂಲಕ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ತೋರಿಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ಶರಾವತಿಯ ಮುಳುಗಡೆ ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಸಾಗರದ ನಾ. ಡಿಸೋಜ ಅವರು ಅದನ್ನು ಕಾದಂಬರಿಯಾಗಿಸಿದರು. ಅವರ 'ದ್ವೀಪ'ವನ್ನು ತೀರ್ಥಹಳ್ಳಿ ತಾಲೂಕಿನ ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಆದರೆ ಕಾದಂಬರಿ ಓದಲು ಅಕ್ಷರ ಬೇಕು. ಚಲನಚಿತ್ರವೋ ತನ್ನ ವೇಗದಲ್ಲಿ ಓಡುತ್ತದೆ, ನೋಡುವವರು ಬೆರಳಿಟ್ಟು ನಿಲ್ಲಿಸಿ, "ಇಲ್ಲಿ ಏನಾಯ್ತು?" ಎಂದು ಕೇಳಲಾರರು. ಚಿತ್ರಕಥೆ ಇವೆರಡರ ನಡುವೆ ನಿಂತಿದೆ. ಅಕ್ಷರ ಬಲ್ಲ ಮೊಮ್ಮಗನೂ ಬಾರದ ಅಜ್ಜಿಯೂ ಒಂದೇ ಪುಟದ ಮುಂದೆ ಕೂರಬಹುದು.

ಅಂದು ತಮ್ಮ ಪ್ರಶ್ನೆಗೆ ಅಜ್ಜಿಯೇ ಉತ್ತರ ಹೇಳಿದರು. ಅವರ ಅಪ್ಪ ಬಾಗಿಲು, ದಾರಂದಗಳನ್ನು ಕಿತ್ತು ಗಾಡಿಗೆ ಹೇರಿದ್ದು, ನಾಯಿ ಬರಲೊಲ್ಲದೆ ಅಂಗಳದಲ್ಲಿಯೇ ಮಲಗಿದ್ದು, ಅವರ ಅಮ್ಮ ತುಳಸಿಕಟ್ಟೆಯ ಮಣ್ಣನ್ನು ಸೆರಗಿಗೆ ಕಟ್ಟಿಕೊಂಡದ್ದು. ಇದುವರೆಗೆ ನಾನು ಇದಾವುದನ್ನೂ ಕೇಳಿರಲಿಲ್ಲ. ಶರಾವತಿಯ ವಿದ್ಯುತ್ತಿನ ಲೆಕ್ಕ, 1,035 ಮೆಗಾವಾಟ್, ನನಗೆ ಬಾಯಿಪಾಠವಿತ್ತು. ಅಜ್ಜಿಯ ಮನೆಯ ನಾಯಿಯ ಸಂಗತಿ ಮಾತ್ರ ತಿಳಿದಿರಲಿಲ್ಲ.

ಆ ಕಾಲವನ್ನು ಕಣ್ಣಾರೆ ಕಂಡವರು ಈಗ ಎಪ್ಪತ್ತು ದಾಟಿದ್ದಾರೆ. ಮುಳುಗಡೆಯ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ನಮ್ಮ ಕಾಲೇಜಿನಲ್ಲಿ ಚಿತ್ರ ಬರೆಯಬಲ್ಲವರಿದ್ದಾರೆ, ಕಥೆ ಕಟ್ಟಬಲ್ಲವರಿದ್ದಾರೆ. ಇಪ್ಪತ್ತು ಪುಟದ ಪುಸ್ತಕವೊಂದನ್ನು ನೂರು ಪ್ರತಿ ಅಚ್ಚು ಹಾಕಿಸಲು ದೊಡ್ಡ ಬಂಡವಾಳವೇನೂ ಬೇಡ. ಅಂಥ ಪುಸ್ತಕವೊಂದು ಬಂದರೆ ಅದನ್ನು ಹೊಗಳಿ ಕೈಬಿಡದೆ, ಮೇಲಿನ ನಾಲ್ಕು ಪ್ರಶ್ನೆಗಳನ್ನಿಟ್ಟು ಓದುವ ವಿಮರ್ಶಕರೂ ನಮ್ಮಲ್ಲಿಯೇ ಹುಟ್ಟಬೇಕು. ಮೊದಲ ವಿಮರ್ಶಕಿಯಂತೂ ನಮ್ಮ ಮನೆಯ ಜಗಲಿಯಲ್ಲಿ ಸಿದ್ಧವಾಗಿಯೇ ಕುಳಿತಿದ್ದಾರೆ.