ಮನೆಯ ಮೌನ: ಬಾಲ್ಯದ ದೌರ್ಜನ್ಯ ಮತ್ತು ಕುಟುಂಬದ ಹೊಣೆ

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಅಮ್ನೋನನ ಪಾಪದ ಕಥೆಯೆಂದು ಓದುತ್ತೇವೆ. ಅದು ಒಂದು ಕುಟುಂಬದ ಕಥೆಯೂ ಹೌದು. ಮಲಸಹೋದರನ ಅತ್ಯಾಚಾರಕ್ಕೆ ತುತ್ತಾದ ತಾಮಾರಳು ಸುಮ್ಮನಿರಲಿಲ್ಲ. ತಲೆಯ ಮೇಲೆ ಬೂದಿ ಸುರಿದುಕೊಂಡು, ಗೋಳಾಡುತ್ತಾ ಹೊರಬಂದಳು. ಆಕೆಯನ್ನು ಸುಮ್ಮನಾಗಿಸಿದವನು ಒಡಹುಟ್ಟಿದ ಅಣ್ಣ ಅಬ್ಷಾಲೋಮ. ತಂದೆ ದಾವೀದನು ಕೋಪಗೊಂಡನೇ ಹೊರತು ಮಗಳಿಗಾಗಿ ಏನನ್ನೂ ಮಾಡಲಿಲ್ಲ. ಅಣ್ಣನ ಮನೆಯಲ್ಲಿ ಒಂಟಿಯಾಗಿ, ಹತಾಶಳಾಗಿ ಉಳಿದಳೆಂಬಲ್ಲಿಗೆ ಆಕೆಯ ವೃತ್ತಾಂತ ನಿಂತುಹೋಗುತ್ತದೆ. ದೌರ್ಜನ್ಯದ ಗಾಯ ಎಷ್ಟು ಆಳಕ್ಕಿಳಿಯುವುದೆಂಬುದನ್ನು ಕೃತ್ಯವೊಂದೇ ನಿರ್ಧರಿಸುವುದಿಲ್ಲ. ಅದರ ನಂತರ ಮನೆಯವರು ಏನು ಮಾಡಿದರೆಂಬುದೂ ನಿರ್ಧರಿಸುತ್ತದೆ.

ಮನಶ್ಶಾಸ್ತ್ರವೂ ಇದನ್ನೇ ಹೇಳುತ್ತದೆ. 1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾಲ್ಯದಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ದೌರ್ಜನ್ಯ ಹಾಗೂ ಕೌಟುಂಬಿಕ ಸಂಕಟಗಳನ್ನು ಕಂಡವರಲ್ಲಿ ಖಿನ್ನತೆ, ಮದ್ಯವ್ಯಸನ ಮತ್ತು ಆತ್ಮಹತ್ಯಾ ಯತ್ನದ ಅಪಾಯವು ಅಂಥ ಯಾವುದನ್ನೂ ಕಾಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಾಗಿತ್ತು. ಕಾರಣ ಅರ್ಥವಾಗದ್ದಲ್ಲ. ತನ್ನನ್ನು ಪೋಷಿಸಬೇಕಾದವರಿಗೇ ಹೆದರಬೇಕಾದ ಮಗು ಓಡಿಹೋಗಲಾರದು. ದೊಡ್ಡವರು ಕೆಟ್ಟವರೆಂದು ಒಪ್ಪಿದರೆ ಅದಕ್ಕೆ ಆಸರೆಯೇ ಉಳಿಯುವುದಿಲ್ಲ. ಆದ್ದರಿಂದ ತಾನೇ ಕೆಟ್ಟವಳು, ತಾನೇ ಕೆಟ್ಟವನು ಎಂದು ಅದು ನಂಬುತ್ತದೆ. ಈ ನಾಚಿಕೆ ವಯಸ್ಸಿನೊಡನೆ ತಾನಾಗಿಯೇ ಕಳಚುವುದಿಲ್ಲ. ನಿದ್ರಾಹೀನತೆ, ಸಣ್ಣ ಸದ್ದಿಗೂ ಬೆಚ್ಚುವಿಕೆ, ಕಾರಣ ತಿಳಿಯದ ತಲೆನೋವು, ಯಾರನ್ನೂ ನಂಬಲಾಗದ ದಾಂಪತ್ಯ ಮುಂತಾದ ರೂಪಗಳಲ್ಲಿ ಅದು ದಶಕಗಳ ನಂತರವೂ ಕಾಣಿಸಿಕೊಳ್ಳಬಹುದು. ಕರ್ತರು ಕಲಿಸಿದ ಪ್ರಾರ್ಥನೆಯಲ್ಲಿ ದೇವರನ್ನು ತಂದೆಯೆಂದು ಕರೆಯುವಾಗ ನಾಲಿಗೆ ತಡವರಿಸುವುದೂ ಇದರ ಒಂದು ಫಲ. ಅದನ್ನು ಅವಿಶ್ವಾಸವೆಂದು ಎಣಿಸಲಾಗದು.

ನಮ್ಮ ದೇಶದಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ 13 ರಾಜ್ಯಗಳ ಅಧ್ಯಯನವನ್ನು ಪ್ರಕಟಿಸಿತು. ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ನಂಬುಗೆಯ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿಕೊಂಡಿರಲಿಲ್ಲ.

ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ ಕೊಪ್ಪಳ ಜಿಲ್ಲೆಯಲ್ಲಿ ಸೇವೆ ಸಲ್ಲಿಸುವವರು ಇದಕ್ಕೆ ಎರಡು ಸಂಗತಿಗಳನ್ನು ಸೇರಿಸಿಕೊಳ್ಳಬೇಕು. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆಯುಂಟು; ಮಳೆಯನ್ನೇ ನೆಚ್ಚಿದ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಜನರು ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ, ಬಂಧುಗಳ ಬಳಿ ಉಳಿಯುತ್ತಾರೆ, ಇಲ್ಲವೇ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಬೆಳೆಯುತ್ತಾರೆ. ಅವರ ಮಾತು ಕೇಳಲು ತಾಯಿತಂದೆಯರು ಹತ್ತಿರ ಇಲ್ಲದಿರಬಹುದು, ಇದ್ದರೂ ಬಿಡುವಿಲ್ಲದಿರಬಹುದು. ಎರಡನೆಯದು, ಮುತ್ತು ಕಟ್ಟುವ ಪದ್ಧತಿ. ಅಲ್ಲಿ ಎಳೆಯ ಹೆಣ್ಣುಮಗಳನ್ನು ಒಪ್ಪಿಸುವವರು ಮನೆಯವರೇ. ಆದ್ದರಿಂದಲೇ ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯು ಇತರರಿಗೆ ಗರಿಷ್ಠ ಮೂರು ವರ್ಷದ ಸೆರೆವಾಸವನ್ನು ವಿಧಿಸಿದರೆ, ತಾಯಿತಂದೆ, ಪೋಷಕರು ಅಥವಾ ಬಂಧುಗಳಿಗೆ ಐದು ವರ್ಷದವರೆಗೆ ವಿಧಿಸಿತು. ರಕ್ಷಿಸಬೇಕಾದವರು ಎಸಗುವ ದ್ರೋಹ ಹೆಚ್ಚು ಘೋರವೆಂಬ ಈ ವಿವೇಕವು ಧರ್ಮಸಭೆಯ ಬೋಧನೆಗೂ ಒಪ್ಪುವಂಥದು. ತಮ್ಮ ಆಶ್ರಯದಲ್ಲಿರುವ ಮಕ್ಕಳ ಮೇಲೆ ಹಿರಿಯರು ನಡೆಸುವ ಲೈಂಗಿಕ ದೌರ್ಜನ್ಯವು ಜೀವನಪರ್ಯಂತದ ಗಾಯವನ್ನುಂಟುಮಾಡುತ್ತದೆ ಮತ್ತು ಪಾಲನೆಯ ಹೊಣೆಯನ್ನೇ ಭಂಗಗೊಳಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶದ 2389ನೆಯ ಪರಿಚ್ಛೇದ ಬೋಧಿಸುತ್ತದೆ.

ಗಾಯ ಮಾಡಬಲ್ಲ ಕುಟುಂಬವೇ ವಾಸಿಮಾಡಲೂ ಬಲ್ಲದು. ಮಗು ಬಾಯಿಬಿಟ್ಟಾಗ ಅದನ್ನು ನಂಬಿ, ತಪ್ಪು ನಿನ್ನದಲ್ಲವೆಂದು ಹೇಳಿ, ದೌರ್ಜನ್ಯ ಎಸಗಿದವನಿಂದ ದೂರವಿರಿಸಿ, ಚಿಕಿತ್ಸೆ ಕೊಡಿಸಿ, ಶಾಲೆ ಬಿಡಿಸದೆ ನೋಡಿಕೊಳ್ಳುವ ಒಬ್ಬ ಹಿರಿಯರಿದ್ದರೂ ಚೇತರಿಕೆಯ ಸಾಧ್ಯತೆ ಬಹಳ ಹೆಚ್ಚುತ್ತದೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಮಗುವಿಗೆ ಅದು ಎರಡನೆಯ ಗಾಯ.

ಇಲ್ಲಿ ಗುರುಗಳ ಮಾತಿಗೆ ಬಹಳ ತೂಕವಿದೆ. ತಾಯಿತಂದೆಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆಯನ್ನಾಗಲಿ, ಕ್ಷಮೆಯ ಬೋಧನೆಯನ್ನಾಗಲಿ ಅವಸರದಲ್ಲಿ ಮುಂದೊಡ್ಡಿದರೆ ನಾವು ಅಬ್ಷಾಲೋಮನ ಕೆಲಸವನ್ನೇ ಮಾಡಿದಂತಾಗುತ್ತದೆ. ಕ್ಷಮೆಯು ನ್ಯಾಯವನ್ನು ರದ್ದುಪಡಿಸುವುದಿಲ್ಲ. ಮಕ್ಕಳು ಎದೆಗುಂದದಂತೆ ನಡೆದುಕೊಳ್ಳಬೇಕೆಂದು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (3:21) ತಂದೆಯರನ್ನೇ ಎಚ್ಚರಿಸುತ್ತಾನೆಂಬುದನ್ನೂ ಬೋಧಿಸಬೇಕು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧವನ್ನು ಅರಿತ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಆರೋಪಿ ಗುರುವೇ ಆಗಿದ್ದರೂ ಇದು ಬದಲಾಗದು. ಪಾಪನಿವೇದನೆಯ ಗೌಪ್ಯವು ಧರ್ಮಸಭೆಯ ಕಾನೂನಿನ 983ನೆಯ ವಿಧಿಯ ಪ್ರಕಾರ ಅಭೇದ್ಯ. ಆದರೆ ಅಲ್ಲಿಯೂ ನಾವು ಮೂಕರಾಗಬೇಕಿಲ್ಲ: ತನ್ನ ಮೇಲೆ ನಡೆದದ್ದು ತನ್ನ ಪಾಪವಲ್ಲವೆಂದು ಮಗುವಿಗೆ ತಿಳಿಹೇಳಿ, ಅದೇ ವಿಷಯವನ್ನು ಪಾಪನಿವೇದನೆಯ ಹೊರಗೆ ತನಗಾಗಲಿ ನಂಬಿಕಸ್ಥರಿಗಾಗಲಿ ಹೇಳುವಂತೆ ಧೈರ್ಯ ತುಂಬಬಹುದು. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯು ಪ್ರತಿ ಧರ್ಮಕೇಂದ್ರದ ಬಾಗಿಲಲ್ಲಿ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಲಿ.